ಗಾಡಿ ತಿರುಗಬೇಕಲ್ಲ

ಕಳೆದ ವರ್ಷ ಮಾರ್ಚಿನಲ್ಲಿ ನಮ್ಮ ರಬ್ಬರ್ ಹೊಗೆಗೂಡಿಗೆ ಬೆಂಕಿ ಬಿತ್ತು. ನಾನು ಬೆಂಗಳೂರಲ್ಲಿ, ಮೀಟಿಂಗಿನ ಮಧ್ಯೆ. "ಪುತ್ತೂರಿಂದ ಗಾಡಿ ಹೊರಟಿದೆಯಂತೆ" ಎಂದಷ್ಟೇ ಹೇಳಿ ಅಪ್ಪ ಫೋನ್ ಇಟ್ಟರು. ನಮ್ಮ ಮನೆ ಕಡಬದಿಂದಲೂ ಒಳಗೆ. ಮ್ಯಾಪ್ ತೆರೆದರೆ ಒಂದು ಗಂಟೆಗೂ ಹೆಚ್ಚು ತೋರಿಸಿತು.

ಗಾಡಿ ಬರುವಷ್ಟರಲ್ಲಿ ನೆರೆಕರೆಯವರು ಕೊಡಪಾನ, ಅಡಿಕೆಗೆ ಮದ್ದು ಬಿಡುವ ಪಂಪು ಹಿಡಿದು ಮನೆ ಉಳಿಸಿದ್ದರು. ಶೀಟುಗಳು ಮಾತ್ರ ಹೋದವು. ಗಾಡಿಯವರೂ ಪಾಪ, ನಮ್ಮ ಓಣಿಯ ತಿರುವಿನಲ್ಲಿ ಸಿಕ್ಕಿಕೊಂಡಿದ್ದರು.

ಆ ಒಂದು ಗಂಟೆ ತಲೆಯಲ್ಲೇ ಉಳಿಯಿತು. ಆಮೇಲೆ ಕೆಲಸದ ಮೇಲೆ ಮುಂಬೈಗೆ ಹೋದಾಗ ಬೈಕಲಾದ ಅಗ್ನಿಶಾಮಕ ಠಾಣೆಯ ಎದುರು ನಿಂತುಬಿಟ್ಟೆ. ದೊಡ್ಡಪ್ಪ ಹೋಟೆಲಲ್ಲಿ ದುಡಿದ ಊರದು. ಬ್ರಿಟಿಷರ ಕಾಲದ ಗಾಥಿಕ್ ಕಟ್ಟಡ, ಮೇಲೊಂದು ಗೋಪುರ. ಚಂದಕ್ಕೆ ಎಂದುಕೊಂಡಿದ್ದೆ. ಓದಿದ ಮೇಲೆ ಗೊತ್ತಾಯ್ತು, ಹಳೇ ಠಾಣೆಗಳ ಗೋಪುರಗಳಿಗೆ ಕೆಲಸ ಇರುತ್ತಿತ್ತು. ಫೋನಿಲ್ಲದ ಕಾಲದಲ್ಲಿ ಮೇಲೆ ನಿಂತು ಎಲ್ಲಿ ಹೊಗೆ ಎಂದು ನೋಡಬೇಕಿತ್ತು. ಎಷ್ಟೋ ಕಡೆ ಒದ್ದೆ ಕ್ಯಾನ್ವಾಸ್ ಪೈಪುಗಳನ್ನು ಗೋಪುರದಲ್ಲೇ ಉದ್ದಕ್ಕೆ ಇಳಿಬಿಟ್ಟು ಒಣಗಿಸುತ್ತಿದ್ದರು, ಮಡಚಿಟ್ಟರೆ ಕೊಳೆಯುತ್ತದೆ. ಮೆಟ್ಟಿಲಿಳಿಯುವ ಹೊತ್ತನ್ನೂ ಉಳಿಸಲು ಷಿಕಾಗೋದವರು 1878ರಲ್ಲಿ ಕಂಬ ಹಿಡಿದು ಜಾರತೊಡಗಿದರು. ನಾವು ಆ್ಯಪಿನಲ್ಲಿ ಮಿಲಿಸೆಕೆಂಡು ಉಳಿಸಿ ಬೀಗುತ್ತೇವೆ, ಅವರು ಕಟ್ಟಡವನ್ನೇ ಹಾಗೆ ಕಟ್ಟಿದ್ದರು!

1944ರ ಏಪ್ರಿಲ್ 14ರಂದು ಅದೇ ಮುಂಬೈಯ ವಿಕ್ಟೋರಿಯಾ ಡಾಕಿನಲ್ಲಿ ಹತ್ತಿಯನ್ನೂ ಸ್ಫೋಟಕವನ್ನೂ ಒಟ್ಟಿಗೆ ತುಂಬಿದ್ದ ಫೋರ್ಟ್ ಸ್ಟಿಕಿನ್ ಹಡಗಿಗೆ ಬೆಂಕಿ ಹಿಡಿದು ಸಿಡಿಯಿತು. ನಂದಿಸಲು ಹೋದ 66 ಅಗ್ನಿಶಾಮಕ ಸಿಬ್ಬಂದಿ ತೀರಿಹೋದರು. ದೇಶದ ಠಾಣೆಗಳಲ್ಲೆಲ್ಲ ಈಗಲೂ ಆ ದಿನ ಅವರನ್ನು ನೆನೆಯುತ್ತಾರೆ. ನಮಗದು ಬಿಸುವಿನ ಆಸುಪಾಸು, ಕಣಿ ಇಡುವ ಗಡಿಬಿಡಿ. ಇಷ್ಟು ವರ್ಷ ನನಗೆ ಗೊತ್ತೇ ಇರಲಿಲ್ಲ.

ಈ ಸಲ ಬಿಸುವಿಗೆ ಊರಿಗೆ ಬರುವಾಗ ಪುತ್ತೂರಿನ ಠಾಣೆಗೆ ಹೋಗಿ ಥ್ಯಾಂಕ್ಸ್ ಹೇಳಿದೆ. ಗೋಪುರ, ಕಮಾನು ಎಂತದೂ ಇಲ್ಲ. ಗಾಡಿ ಮಾತ್ರ ರಸ್ತೆಗೆ ಮುಖ ಮಾಡಿ ನಿಂತಿತ್ತು. ಒಬ್ಬರು ಕೇಳಿದರು, "ನಿಮ್ಮಲ್ಲಿ ಆ ತಿರುವು ಹಾಗೇ ಉಂಟಾ?"

ಮನೆಗೆ ಬಂದರೆ ಅಪ್ಪ ಇಬ್ಬರು ಆಳುಗಳನ್ನಿಟ್ಟುಕೊಂಡು ತಿರುವಿನ ಧರೆ ಕಡಿಸುತ್ತಿದ್ದರು. ಅಜ್ಜ ನೆಟ್ಟ ಹಲಸಿನ ಮರವೂ ಹೋಗಿತ್ತು. ನಾನು ಬುಡವನ್ನೇ ನೋಡುತ್ತಿದ್ದೆ.

"ಗಾಡಿ ತಿರುಗಬೇಕಲ್ಲ ಮಾರಾಯ" ಎಂದರು.