ಹೊನ್ನಿನ ಹಳ್ಳಗಳ ನಾಡಿನಲ್ಲಿ

ಗದಗ-ಬೆಟಗೇರಿಗೆ ಬಂದಿಳಿದ ಪ್ರವಾಸಿಯು ವೀರನಾರಾಯಣನ ದರ್ಶನ ಮಾಡಿ, ತ್ರಿಕೂಟೇಶ್ವರದ ಕಂಬಗಳ ಮುಂದೆ ಬೆರಗಾಗಿ ನಿಂತು, ಬೆಟಗೇರಿಯ ನೇಕಾರರಿಂದ ಒಂದು ಸೀರೆ ಕೊಂಡು ಹೊರಟುಬಿಡುವುದುಂಟು. ತಾನು ತುಳಿದದ್ದು ಹೊನ್ನಿನ ಸೀಮೆಯೆಂಬುದು ಅವನಿಗೆ ತಿಳಿಯುವುದೇ ಇಲ್ಲ. ಸಮೀಪದ ಲಕ್ಕುಂಡಿ ಚಾಲುಕ್ಯರ ಕಾಲದಲ್ಲಿ ಟಂಕಸಾಲೆಯ ಊರು. ‘ಲೊಕ್ಕಿ ಗದ್ಯಾಣ’ವೆಂಬ ನಾಣ್ಯದ ಹೆಸರು ಶಾಸನಗಳಲ್ಲಿ ಬರುತ್ತದೆ. ಅಲ್ಲಿ 1007ರಲ್ಲಿ ಬಸದಿ ಕಟ್ಟಿಸಿದ ದಾನಚಿಂತಾಮಣಿ ಅತ್ತಿಮಬ್ಬೆಯು ಹೊನ್ನು-ರತ್ನಗಳ 1,500 ಜಿನಬಿಂಬಗಳನ್ನು ಮಾಡಿಸಿದಳೆಂಬ ಕೀರ್ತಿಯಿದೆ. ಅಷ್ಟೊಂದು ಹರಳುಗಳನ್ನು ಬಂಗಾರದಲ್ಲಿ ಕೂರಿಸಿದ ಕೈಗಳು ಯಾರವೋ!

ಹಳೆಯ ಪುಲಿಗೆರೆಯಾದ ಲಕ್ಷ್ಮೇಶ್ವರವನ್ನು ನೋಡಿಕೊಂಡು, ಶಿರಹಟ್ಟಿಯ ಫಕೀರೇಶ್ವರರ ಗದ್ದುಗೆಗೆ ಕೈಮುಗಿದು ಪೂರ್ವಕ್ಕೆ ತಿರುಗಿದರೆ ಕಪ್ಪತಗುಡ್ಡದ ಸಾಲು ಎದುರಾಗುತ್ತದೆ. ಭೂಗರ್ಭಶಾಸ್ತ್ರಜ್ಞ ಬ್ರೂಸ್ ಫೂಟ್ ಈ ಗುಡ್ಡಗಳ ಹೊನ್ನಿನ ಶಿಲೆಗಳ ಕುರಿತು 1874ರಲ್ಲಿಯೇ ಬರೆದನು. ಡೋಣಿ, ಸೊರಟೂರುಗಳ ಹಳ್ಳಗಳಲ್ಲಿ ಜಲಗಾರರು ಮಳೆ ನಿಂತ ಮೇಲೆ ಮರಿಗೆಯಲ್ಲಿ ಮರಳು ತೊಳೆದು ಹೊನ್ನಿನ ಕಣಗಳನ್ನು ಆಯುತ್ತಿದ್ದರು. ಪತ್ತಾರರ ಅಂಗಡಿಯ ಕಸವನ್ನೂ ತೊಳೆಯುವುದು ಅವರ ಕಸುಬಾಗಿತ್ತು. ಹೊನ್ನು ಯಾರ ಕಾಲಡಿಯಲ್ಲಿ ಬಿದ್ದರೂ ಹೊನ್ನೇ! ಗುಡ್ಡವು 2019ರಲ್ಲಿ ವನ್ಯಜೀವಿಧಾಮವೆಂದು ಘೋಷಿತವಾಯಿತು. ಅದರ ಹಿಂದೆ ಈ ಭಾಗದ ಜನರ ಹೋರಾಟವಿತ್ತು.

ಗುಡ್ಡವನ್ನು ಬಳಸಿ ಮುಂಡರಗಿಗೆ ಬಂದು, ಪತ್ತಾರನೊಬ್ಬನು ಕುಂದಣದ ಕೆಲಸಕ್ಕೆ ಕುಳಿತಿದ್ದರೆ ಸ್ವಲ್ಪ ನಿಂತು ನೋಡಬೇಕು. ಹರಳಿನ ಗೂಡಿಗೆ ಅರಗು ತುಂಬಿ, ಹೊಳಪಿಗಾಗಿ ತೆಳುವಾದ ತಗಡನ್ನು ಇಟ್ಟು, ಹರಳನ್ನು ಕೂರಿಸಿ, ಅಪ್ಪಟ ಬಂಗಾರದ ಎಳೆಗಳನ್ನು ಸುತ್ತಲೂ ಒತ್ತುತ್ತಾನೆ. ಬೆಂಕಿಯಿಲ್ಲ, ಬೆಸುಗೆಯಿಲ್ಲ. ಅಪ್ಪಟ ಬಂಗಾರ ಅಷ್ಟು ಮೆತುವಾದುದರಿಂದ ಒತ್ತಿದಷ್ಟಕ್ಕೇ ತನ್ನಲ್ಲಿ ತಾನು ಬೆರೆತುಬಿಡುತ್ತದೆ.

ಈಗ ಪಟ್ಟಣದಿಂದ ಮದುವೆಗೆಂದು ಬಂದ ತರುಣನೊಬ್ಬನು ಟೈಟಾನಿಯಂ ಉಂಗುರವನ್ನು ಕಳಚಿ ಆ ಪತ್ತಾರನ ಮುಂದಿಟ್ಟನೆನ್ನಿ. ತೂಕ ಬಂಗಾರದ ಕಾಲುಭಾಗಕ್ಕಿಂತ ಕಡಿಮೆ. ಕೈಗೆ ಹಗುರ, ಸ್ವಭಾವ ಮಾತ್ರ ಹಟಮಾರಿ. ಬಂಗಾರ 1,064 ಡಿಗ್ರಿಗೆ ಕರಗಿದರೆ ಇದಕ್ಕೆ 1,668 ಬೇಕು. ತೆರೆದ ಗಾಳಿಯಲ್ಲಿ ಬಲವಾಗಿ ಕಾಯಿಸಿದರೆ ಆಮ್ಲಜನಕ, ಸಾರಜನಕಗಳನ್ನು ಹೀರಿ ಪೆಡಸಾಗುತ್ತದೆ. ಅಗ್ಗಿಷ್ಟಿಕೆ, ಊದುಗೊಳವೆ, ಬಿಳಿಗಾರ ಇವುಗಳಿಗೆ ಇದು ಬಗ್ಗದು. ಬೆರಳು ದಪ್ಪವಾಯಿತೆಂದರೆ ಬಂಗಾರದುಂಗುರವನ್ನು ಕತ್ತರಿಸಿ ತುಣುಕು ಸೇರಿಸಬಹುದು. ಇದಕ್ಕೆ ಆ ಉಪಾಯವಿಲ್ಲ. ಅತ್ತೆಯ ಉಂಗುರ ಸೊಸೆಯ ಬೆರಳಿಗೆ ಹೊಂದುವ ನಮ್ಮ ಮನೆಗಳಲ್ಲಿ ಇದು ಸಣ್ಣ ಕೊರತೆಯಲ್ಲ.

ಹರಳನ್ನು ಕೂರಿಸುವುದೂ ಬೇರೆ ಬಗೆ. ಉಂಗುರವನ್ನು ಒಂದೆಡೆ ಸೀಳಿ, ಸೀಳಿನ ಎರಡು ತುದಿಗಳಲ್ಲಿ ಗೀರು ಕೊರೆದು, ಲೋಹದ ಬಿಗಿತದಿಂದಲೇ ಹರಳನ್ನು ಕಚ್ಚಿ ಹಿಡಿಸುತ್ತಾರೆ. ವಜ್ರ, ನೀಲ, ಮಾಣಿಕ್ಯಗಳು ಆ ಹಿಡಿತವನ್ನು ತಾಳುತ್ತವೆ. ಪಚ್ಚೆ ಸೀಳಬಹುದು, ಮುತ್ತಿನ ಮಾತಂತೂ ಬೇಡ. ಎರಡನೆಯ ಉಪಾಯವೇ ನನಗೆ ಮೆಚ್ಚು: ಟೈಟಾನಿಯಂನಲ್ಲಿ ಒಳಗೆ ಅಗಲವಾಗುವ ಕುಳಿ ಕೊರೆದು, ಬಂಗಾರದ ಪುಟ್ಟ ಗೂಡನ್ನು ಅದರೊಳಗೆ ಒತ್ತಿ ಕೂರಿಸಿ, ಹರಳನ್ನು ಆ ಗೂಡಿಗೆ ಒಪ್ಪಿಸುವುದು. ಕುಳಿಯನ್ನು ಯಂತ್ರ ಕೊರೆಯಲಿ. ಗೂಡಿನ ಕೆಲಸಕ್ಕೆ ಬೆಂಕಿ ಬೇಡವೆಂದ ಮೇಲೆ ಮುಂಡರಗಿಯ ಪತ್ತಾರನು ಆ ಉಂಗುರವನ್ನು ಹಿಂದಿರುಗಿಸಬೇಕಾಗಿಲ್ಲ. ಕುಂದಣದ ಎಳೆ, ಕೈಯ ಒತ್ತು, ಎರಡೂ ಅವನಲ್ಲಿವೆ.