ಕಾಕಾನ ಉಸಿರು ಮತ್ತು 128 ಬೀಟ್

ನಮ್ಮ ಬೀದರ ಕಡೆ ಮೆರವಣಿಗೆ ಅಂದರೆ ಈಗ ಡಿಜೆ. ಮದುವೆ ಇರಲಿ, ಗಣಪತಿ ಇರಲಿ, ಜಯಂತಿ ಇರಲಿ, ಟ್ರ್ಯಾಕ್ಟರ್ ಟ್ರಾಲಿ ಮೇಲೆ ಆಳೆತ್ತರದ ಸೌಂಡ್ ಬಾಕ್ಸು ಬಂದೇ ಬರಬೇಕು. ಅದನ್ನು ಬೈಯೋದಕ್ಕೆ ಇದನ್ನು ಬರೀತಿಲ್ಲ, ಬೈಯೋರು ಬೇಕಾದಷ್ಟು ಜನ ಇದ್ದಾರೆ :-) ಆ ಬಾಕ್ಸಿನೊಳಗಿಂದ ಬರೋ ದನಿಗೆ ಮೊದಲು ಏನೇನಾಗಿರುತ್ತೆ ಅನ್ನೋದು ನನ್ನ ಕುತೂಹಲ. ಕುತೂಹಲ ಹುಟ್ಟಿಸಿದವನು ಹುಮನಾಬಾದಿನಲ್ಲಿರೋ ನನ್ನ ಅಣ್ಣನ ಮಗ. ಅವನು ಇಂಥ ಹಾಡುಗಳನ್ನು ಕಂಪ್ಯೂಟರಿನಲ್ಲಿ ಕೂಡಿಸ್ತಾನೆ.

ಅವನ ಕಣ್ಣು ಈ ಸಲ ಬಿದ್ದದ್ದು ಬಸವಕಲ್ಯಾಣದ ನಮ್ಮ ಕಾಕಾನ ಕ್ಯಾಸೆಟ್ಟಿನ ಮೇಲೆ. ಕಾಕಾ ಓಣಿಯ ಭಜನಾ ಮೇಳದಲ್ಲಿ ಹಾಡ್ತಿದ್ದರು. ವಚನ, ತತ್ವಪದ, ಆಗೊಮ್ಮೆ ಈಗೊಮ್ಮೆ ಮಾಣಿಕಪ್ರಭುಗಳ ಪದ. ಅವರು ಹೋಗಿ ಬಹಳ ವರ್ಷವಾಯಿತು. ಉಳಿದಿರೋ ದನಿ ಆ ಒಂದು ಕ್ಯಾಸೆಟ್ಟಿನಲ್ಲಿ ಮಾತ್ರ. "ಅತ್ತೀ, ಮುತ್ಯಾನ ದನಿ ತಗೊಂಡು ಬಸವ ಜಯಂತಿಗಿ ಒಂದು ಟ್ರ್ಯಾಕ್ ಮಾಡ್ತೀನಿ" ಅಂದ. ನಾನು ಹೂಂ ಅನ್ನಲಿಲ್ಲ, ಉಹೂಂ ಅನ್ನಲೂ ಇಲ್ಲ. ಪಕ್ಕದಲ್ಲಿ ಕೂತು ನೋಡಿದೆ.

ಮೊದಲ ತೊಡಕು ವೇಗದ್ದು. ಕಾಕಾ ಹಾಡಿರೋದು ನಿಮಿಷಕ್ಕೆ ಸುಮಾರು 84 ಬೀಟಿನಲ್ಲಿ, ಇವನಿಗೆ ಬೇಕಾದ್ದು 128. ಹಳೆ ಕಾಲದ ಹಾಗೆ ಟೇಪನ್ನೇ ಜೋರಾಗಿ ಓಡಿಸಿದರೆ ಶ್ರುತಿಯೂ ಜೊತೆಗೇ ಏರುತ್ತೆ. 84ರಿಂದ 128 ಅಂದರೆ ಒಂದೂವರೆ ಪಟ್ಟು, ಏಳು ಅರೆಸ್ವರಕ್ಕೂ ಸ್ವಲ್ಪ ಜಾಸ್ತಿ. ಷಡ್ಜ ಹೋಗಿ ಪಂಚಮದಲ್ಲಿ ಕೂತಂಗೆ! ಎಪ್ಪತ್ತರ ಮುದುಕ ಏಳು ವರ್ಷದ ಹುಡುಗ ಆಗ್ತಾನೆ. ಅದಕ್ಕೇ ಸಾಫ್ಟ್‌ವೇರು ಇನ್ನೊಂದು ದಾರಿ ಹಿಡಿಯುತ್ತೆ. ದನಿಯನ್ನು ಸೆಕೆಂಡಿನ ನೂರನೇ ಭಾಗದ ಲೆಕ್ಕದ ಸಣ್ಣ ಸಣ್ಣ ಚೂರು ಮಾಡಿ, ಅಂಚುಗಳನ್ನು ಒಂದರ ಮೇಲೊಂದು ಹೊಂದಿಸುತ್ತೆ. ಹಾಡು ಕುಗ್ಗಿಸಬೇಕಾದರೆ ಕೆಲವು ಚೂರು ಬಿಡುತ್ತೆ, ಹಿಗ್ಗಿಸಬೇಕಾದರೆ ಅದೇ ಚೂರನ್ನು ಮತ್ತೆ ಮತ್ತೆ ಇಡುತ್ತೆ. ಶ್ರುತಿ ಇದ್ದಲ್ಲೇ ಇರುತ್ತೆ.

ಕತ್ತರಿಸಿ ಅಂಟಿಸೋದು ಹೊಸದೇನಲ್ಲ ಬಿಡಿ. 1948ರಲ್ಲೇ ಪ್ಯಾರಿಸ್ಸಿನ ಪಿಯರ್ ಶೆಫರ್ ರೈಲಿನ ಸದ್ದುಗಳನ್ನು ತುಂಡು ಮಾಡಿ ಸಂಗೀತ ಅಂದಿದ್ದ. 1969ರಲ್ಲಿ ಅಹಮದಾಬಾದಿನ ರಾಷ್ಟ್ರೀಯ ವಿನ್ಯಾಸ ಸಂಸ್ಥೆಯಲ್ಲಿ ಮೂಗ್ ಸಿಂಥಸೈಜರ್ ಇಟ್ಟು ಸ್ಟುಡಿಯೋ ಮಾಡಿದ್ದರು, ಗೀತಾ ಸಾರಾಭಾಯಿ, ಅತುಲ್ ದೇಸಾಯಿ ಮುಂತಾದವರು ಅಲ್ಲಿ ಟೇಪಿನ ಮೇಲೆ ಕೆಲಸ ಮಾಡಿದರು. ನಮ್ಮ ಕಲ್ಯಾಣವೇನು ಕಡಿಮೆ? ಇಲ್ಲಿಂದ ಆಳಿದ ಮೂರನೇ ಸೋಮೇಶ್ವರ 'ಮಾನಸೋಲ್ಲಾಸ'ದಲ್ಲಿ ಗೀತ, ವಾದ್ಯಗಳಿಗೆ ಅಂತಲೇ ಅಧ್ಯಾಯ ಬರೆದ, ಮಗ ಜಗದೇಕಮಲ್ಲ 'ಸಂಗೀತಚೂಡಾಮಣಿ'ಯನ್ನೇ ಬರೆದ. ಈಗ ಅದೇ ಊರಿನ ದನಿ ಹುಮನಾಬಾದಿನ ಲ್ಯಾಪ್‌ಟಾಪಿನೊಳಗೆ.

ಆದರೆ ಕನ್ನಡವನ್ನು ಹಿಗ್ಗಿಸೋದು, ಕತ್ತರಿಸೋದು ಅಷ್ಟು ಸಸಾರ ಅಲ್ಲ ಅಂತ ಅಲ್ಲಿ ಕೂತಾಗಲೇ ಹೊಳೆದದ್ದು. ನಮ್ಮಲ್ಲಿ ಸ್ವರದ ಉದ್ದವೇ ಅರ್ಥ. 'ಬಲ' ಹಿಗ್ಗಿದರೆ 'ಬಾಲ', 'ಕಲ' ಹಿಗ್ಗಿದರೆ 'ಕಾಲ'. ಒತ್ತಕ್ಷರದ ಕತೆ ಇನ್ನೂ ಮಜಾ. 'ಕತ್ತೆ' ಅನ್ನುವಾಗ ನಾಲಿಗೆ ಹಲ್ಲಿಗೆ ಒತ್ತಿ ನಿಂತಿರುವ ಆ ಕ್ಷಣದಲ್ಲಿ ಸದ್ದೇ ಇರೋದಿಲ್ಲ. ಅದು ಮೌನ, ಆದರೆ ಅಕ್ಷರದ ಭಾಗ! ಸಾಫ್ಟ್‌ವೇರಿಗೆ ಅದು ಬರೀ ಖಾಲಿ ಜಾಗ. ಮೌನ ತೆಗೆಯೋ ಗುಂಡಿ ಒತ್ತಿದರೆ 'ಕತ್ತೆ' ಸೀದಾ 'ಕತೆ' ಆಗಿ ಹೊರಗೆ ಬರುತ್ತೆ. ಒಮ್ಮೆ ಬೇಕಂತಲೇ ಮಾಡಿ ನೋಡಿದೆವು, ಇಬ್ಬರೂ ಹೊಟ್ಟೆ ಹಿಡ್ಕೊಂಡು ನಕ್ಕೆವು. ಇನ್ನು ಹಿಗ್ಗಿಸುವಾಗ 'ಆ' 'ಈ' ಚೆನ್ನಾಗಿ ಹಿಗ್ಗುತ್ತವೆ, 'ಟ' 'ಕ' ಹಿಗ್ಗೋದಿಲ್ಲ. ಅವು ಒಂದೇ ಸಲ ಸಿಡಿಯೋ ಸದ್ದು, ಚೂರು ಎರಡು ಸಲ ಬಿದ್ದರೆ ತೊದಲಿದ ಹಾಗೆ ಕೇಳುತ್ತೆ.

ಹಾಡುಗಾರರೂ ಹ್ರಸ್ವವನ್ನು ಎಳೀತಾರಲ್ಲ ಅಂತ ನೀವು ಕೇಳಬಹುದು. ಎಳೀತಾರೆ. ಆದರೆ ಎಲ್ಲಿ ಎಳೆದರೆ ಮಾತು ಕೆಡೋದಿಲ್ಲ ಅಂತ ಅವರ ಗಂಟಲಿಗೆ ಗೊತ್ತು. ಕಾಕಾ ವಚನದ ಕೊನೆಗೆ ಬರೋ ಅಂಕಿತದಲ್ಲಿ 'ದೇವಾ' ಅನ್ನೋ ಕಡೆ ಕೂತುಬಿಡ್ತಿದ್ದರು, ನಡುವೆ ಎಲ್ಲೂ ಕೂಡ್ತಿರಲಿಲ್ಲ. ಹುಡುಗ ಮೊದಲು ಕತ್ತರಿಸಿದ್ದು ಆ 'ದೇವಾ'ವನ್ನೇ. ಅದನ್ನು ನಾಲ್ಕು ಕೀಲಿಗೆ ಕೊಟ್ಟು ನುಡಿಸಿದ. ನಿಜ ಹೇಳ್ತೀನಿ, ಚೆನ್ನಾಗಿತ್ತು. ಮೈ ಜುಂ ಅಂತು.

ನನಗೆ ಸೇರದೆ ಇದ್ದದ್ದು ಬೇರೆ. ಭಜನೆ ಮೆಲ್ಲಗೆ ಸುರುವಾಗಿ ಏರ್ತಾ ಹೋಗುತ್ತೆ, ತಾಳದವರ ಕೈ ಬಿಸಿಯಾದ ಹಾಗೆ. 76ರಲ್ಲಿ ಹೊರಟದ್ದು ಮುಗಿಯುವಾಗ ನೂರು ದಾಟಿರುತ್ತೆ (84 ಅಂದದ್ದು ಇವನಿಗೆ ಬೇಕಾದ ತುಣುಕಿನ ಲೆಕ್ಕ). ಕಂಪ್ಯೂಟರಿನ ಗೆರೆಗಳಿಗೆ ಪ್ರತಿ ಮಾತ್ರೆಯನ್ನೂ ಕಟ್ಟಿಹಾಕಿದರೆ ಆ ಏರಿಕೆ ಹೋಯಿತು. ಅದು ಹೋದ ಮೇಲೆ ಭಜನೆ ಅಂತ ಯಾಕೆ ಕರೀಬೇಕು?

ಇನ್ನೊಂದು ಸೋಜಿಗ. ಕ್ಯಾಸೆಟ್ಟಿನಲ್ಲಿ ಹಾರ್ಮೋನಿಯಂ ಅರೆಸ್ವರ ಮೇಲೆ ಕೇಳ್ತಿತ್ತು. ಆ ಪೆಟ್ಟಿಗೆ ಇನ್ನೂ ಮನೆಯಲ್ಲೇ ಇದೆ, ಕಾಕಾನ ಕಪ್ಪು ಒಂದು ಈಗಲೂ ನುಡಿಯುತ್ತೆ. ಹೋಲಿಸಿ ನೋಡಿದರೆ ಅಂದು ಟೇಪ್ ರೆಕಾರ್ಡರಿನ ಸೆಲ್ ಇಳಿದು ಟೇಪು ಸುಮಾರು ನೂರಕ್ಕೆ ಆರರಷ್ಟು ನಿಧಾನ ಓಡಿರಬೇಕು. ಅಂದರೆ ಇಷ್ಟು ವರ್ಷ ನಾವು ಕೇಳಿದ್ದು ಕಾಕಾನ ದನಿಗಿಂತ ತುಸು ಎಳೆಯ ದನಿ. ಹುಡುಗ ಅದನ್ನು ಇಳಿಸಿದ. ಆ ಕ್ಷಣ ಕೋಣೆಯೊಳಗೆ ಕಾಕಾ ಬಂದರು ಅನ್ನಿಸಿತು. ಹಿಗ್ಗಿಸೋ ವಿದ್ಯೆಗೆ ನಾನು ಕೈಮುಗಿದದ್ದು ಆಗಲೇ.

ಹಾರ್ಮೋನಿಯಂ, ತಬಲಾದಿಂದ ದನಿ ಬೇರೆ ಮಾಡೋ ಸಾಫ್ಟ್‌ವೇರುಗಳೂ ಈಗ ಪುಕ್ಕಟೆ ಸಿಗ್ತವೆ. 2019ರಲ್ಲಿ ಬಂದ ಸ್ಪ್ಲೀಟರ್ ಅಂಥದ್ದೊಂದು. ಆದರೆ ಹಾರ್ಮೋನಿಯಂ ದನಿಯ ಬೆನ್ನು ಹತ್ತಿಯೇ ನಡೆಯೋದರಿಂದ ಪೂರ್ತಿ ಬಿಡಲಿಲ್ಲ, ಕಾಕಾನ ಹಿಂದೆ ನೆರಳಿನ ಹಾಗೆ ಉಳಿಯಿತು. ಉಳಿಯಲಿ ಅಂದೆ.

ಟ್ರ್ಯಾಕ್ ಮುಗಿಸಿ ಇಬ್ಬರೂ ಬಸ್ ಹತ್ತಿ ಕಲ್ಯಾಣಕ್ಕೆ ಹೋಗಿ ಕಾಕಿಗೆ ಫೋನಿನಲ್ಲೇ ಕೇಳಿಸಿದೆವು. ಕಣ್ಣು ಮುಚ್ಚಿ ಪೂರ್ತಿ ಕೇಳಿದರು. ಆಮೇಲೆ ಅಂದರು, "ಛಲೋ ಆಗ್ಯಾದಪ್ಪ, ಹುಡುಗ್ರು ಕುಣೀತಾವ. ಖರೆ, ಇವರು ಉಸುರು ಯಾವಾಗ ತಗೋತಾರ?"

ಹುಡುಗನ ಮುಖ ನೋಡಬೇಕಿತ್ತು. ಸಾಲು ಸಾಲಿನ ನಡುವಿನ ಉಸಿರನ್ನೆಲ್ಲ ಅವನು 'ಗದ್ದಲ' ಅಂತ ಅಳಿಸಿದ್ದ. ಕಾಕಾಗೆ ಕೊನೆಕೊನೆಗೆ ದಮ್ಮು ಇತ್ತು, ಆ ಉಸಿರು ಸಣ್ಣದಲ್ಲ. ಮಗ್ಗುಲಲ್ಲಿ ಮಲಗಿ ವರ್ಷಗಟ್ಟಲೆ ಅದನ್ನೇ ಎಣಿಸಿದವರು ಕಾಕಿ.

ಅವನು ವಾದ ಮಾಡಲಿಲ್ಲ. "ಆಯಿ, ನಾಳೀಗಿ ಹಾಕಿ ತರ್ತೀನಿ" ಅಂದ. ತಂದ ಕೂಡ. ಪ್ರತಿ ಸಾಲಿನ ಮುಂದೆ ಒಂದು ಎಳೆತ, ಎರಡು ಕಡೆ ಅದನ್ನೇ ತಾಳಕ್ಕೆ ಕೂಡಿಸಿದ್ದ. ಡೋಲಿನ ಪೆಟ್ಟಿಗಿಂತ ಅದೇ ಜೋರು ಅನ್ನಿಸಿತು ನನಗೆ. ಕಾಕಿ ಅರ್ಧಕ್ಕೇ ನಿಲ್ಲಿಸು ಅಂದರು. ಬೇಡ ಅಂತಲೋ, ತಡೆಯಲಾರದೆಯೋ, ಕೇಳೋ ಧೈರ್ಯ ಇಬ್ಬರಿಗೂ ಆಗಲಿಲ್ಲ.

ಸ್ವಲ್ಪ ಹೊತ್ತು ಬಿಟ್ಟು ಒಂದೇ ಷರತ್ತು ಹಾಕಿದರು. ಕುಣಿಯೋದಕ್ಕೆ ಏನಾದರೂ ಮಾಡ್ಕೋರಿ, ಮೊದಲು ನನಗೊಂದು ಏನೂ ಕಡೀದೆ ಇರೋದು ಹಾಕಿಕೊಡ್ರಿ ಅಂತ. ಹಾಗಾಗಿ ಆವತ್ತು ಹೆಡ್ಡನ್ನು ಸ್ಪಿರಿಟ್ಟಿನಲ್ಲಿ ಒರೆಸಿ, ಕ್ಯಾಸೆಟ್ಟಿನ ಎರಡೂ ಮಗ್ಗುಲನ್ನು ಇದ್ದದ್ದಿದ್ದ ಹಾಗೆ ಕಂಪ್ಯೂಟರಿಗೆ ಇಳಿಸಿದೆವು. ಎರಡನೇ ಮಗ್ಗುಲಿನ ಕೊನೆಗೆ ಹಾಡು ಮುಗಿದ ಮೇಲೂ ಟೇಪು ಓಡಿದೆ. ಯಾರೋ ತಾಳ ಕೆಳಗಿಡ್ತಾರೆ, ಕಾಕಾ ಕೆಮ್ಮಿ, ಚಹಾ ಆಯಿತೇನು ಅಂತ ಒಳಗೆ ಕೂಗ್ತಾರೆ. ಒಳಗಿಂದ ಹೂಂ ಅಂತ ಕಾಕಿಯ ದನಿ.