ನಿಂತ ಗಾಡಿ, ನಡೆಯುವ ಇಂಜಿನ್

‘ನಿಲ್ಲು’ ಎಂಬುದಕ್ಕಿಂತ ಸರಳವಾದ ಮಾತು ಕನ್ನಡದಲ್ಲಿ ಇನ್ನೊಂದಿಲ್ಲವೆಂದು ಬಹುಜನರ ತಿಳಿವಳಿಕೆ. ಬಸ್ಸು ನಿಲ್ಲುತ್ತದೆ, ಮಳೆ ನಿಲ್ಲುತ್ತದೆ, ಚುನಾವಣೆಗೆ ಅಭ್ಯರ್ಥಿ ನಿಲ್ಲುತ್ತಾನೆ. ಮೊದಲಿನವೆರಡು ನಿಂತ ಮೇಲೆ ಸುಮ್ಮನಾಗುತ್ತವೆ; ಮೂರನೆಯವನು ನಿಂತ ಮೇಲೆಯೇ ಓಡಾಡಲು ತೊಡಗುತ್ತಾನೆ. ವ್ಯಾಕರಣದ ತರಗತಿಯಲ್ಲಿ ಹುಡುಗರನ್ನು ನಗಿಸಲು ಇಷ್ಟು ಸಾಕು. ಆದರೆ ಇದೇ ಮಾತು ಒಂದು ಮೋಟಾರು ಗಾಡಿಯ ಪ್ರಾಣಕ್ಕೆ ಎರವಾಗುವಷ್ಟು ದೂರ ಹೋದುದನ್ನು ನಾನು ಅಣ್ಣಿಗೇರಿಯಲ್ಲಿ ಕಂಡೆ.

ಅಲ್ಲಿ ನನ್ನ ದೊಡ್ಡಪ್ಪನ ಮಗನಿದ್ದಾನೆ, ನನಗೆ ಅಣ್ಣನಾಗಬೇಕು. ಚಿಕ್ಕಂದಿನಲ್ಲಿ ಬಂದ ಪೋಲಿಯೋ ಅವನ ಎಡಗಾಲಿನ ಬಲವನ್ನು ತೆಗೆದುಕೊಂಡು ಹೋಯಿತು. ನಲವತ್ತು ದಾಟುವವರೆಗೆ ಹೊಲಕ್ಕೆ ಹೋಗಬೇಕಾದರೂ, ಹುಬ್ಬಳ್ಳಿಯ ಪೇಟೆಗೆ ಹೋಗಬೇಕಾದರೂ ಯಾರದಾದರೂ ಬೈಕಿನ ಹಿಂದೆ ಕೂಡುವುದೇ ಅವನ ಪಾಲಿಗೆ ಬಂದಿತ್ತು. ಆಮೇಲೆ ಬೆಂಗಳೂರಿನಲ್ಲಿ ಯಾರೋ ಮಾರುತ್ತಿದ್ದ ಹಳೆಯ ಆಟೊಮ್ಯಾಟಿಕ್ ಕಾರೊಂದನ್ನು ಕೊಂಡ. ಅದರಲ್ಲಿ ಕ್ಲಚ್ ತುಳಿಯುವ ಕೆಲಸವಿಲ್ಲ. ಎಡಗಾಲು ವಿಶ್ರಾಂತಿಯಿಂದಿದ್ದರೆ ಸಾಕು. ಅಂದಿನಿಂದ ಕುಂದಗೋಳದ ಬೀಗರ ಮನೆಗೂ ಕಲಘಟಗಿಯ ಸಂತೆಗೂ ಅವನು ತಾನೇ ಹೋಗಿ ಬರುತ್ತಾನೆ. ಊರವರಿಗೆ ಅದು ಕಾರು, ಅವನಿಗೆ ಅದು ಕಾಲು.

ಆ ಕಾಲು ಹೋದ ವರ್ಷ ಮುಗ್ಗರಿಸತೊಡಗಿತು. ಗೇರಿಗೆ ಹಾಕಿದರೆ ಒಂದು ಗಳಿಗೆ ಯೋಚಿಸಿ ಹೊರಡುವುದು. ಇಂಜಿನ್ ಗದ್ದಲ ಮಾಡಿದರೂ ವೇಗ ಏರದಿರುವುದು. ದಾರಿಯ ಒಂದು ಗ್ಯಾರೇಜಿನಲ್ಲಿ ಕೇಳಿದಾಗ, “ಗೇರ್ ಎಣ್ಣಿ ಕಡಿಮಿ ಆಗಿರಬೇಕ್ರಿ, ಗಾಡಿ ನಿಂದ್ರಿಸಿ ಕಡ್ಡಿ ತಗದ ನೋಡ್ರಿ” ಎಂದರಂತೆ. ಅಣ್ಣ ರಾತ್ರಿಯಿಡೀ ಗಾಡಿಯನ್ನು ನಿಲ್ಲಿಸಿ, ಬೆಳಿಗ್ಗೆ ಕಡ್ಡಿ ಎಳೆದು ನೋಡಿದ. ಎಣ್ಣೆ ಮೇಲಿನ ಗೆರೆಯವರೆಗೂ ಇತ್ತು. “ಎಣ್ಣಿ ತುಂಬೇದ ತಮ್ಮಾ, ಗಾಡಿ ಮಾತ್ರ ಎಳೀವಲ್ದು” ಎಂದು ನನಗೆ ಫೋನು ಮಾಡಿದ. ಎಣ್ಣೆ ತುಂಬಿದ್ದೂ ಎಳೆಯದಿದ್ದರೆ ಗೇರ್ ಪೆಟ್ಟಿಗೆಯೇ ಹೋಗಿದೆ ಎಂದು ನಾಲ್ಕು ಜನ ತೀರ್ಪು ಕೊಟ್ಟರು. ಅದನ್ನು ಬಿಚ್ಚಿ ಕಟ್ಟಲು ಹೇಳಿದ ಖರ್ಚು ಗಾಡಿಯ ಬೆಲೆಯನ್ನು ಮೀರಿತ್ತು. “ಮಾರಿಬಿಡೋದ ಪಾಡು” ಎಂದ ಅಣ್ಣ. ಮಾರಿದರೆ ಮತ್ತೆ ಬೈಕಿನ ಹಿಂದಿನ ಸೀಟು ಎಂಬುದನ್ನು ಅವನೂ ಹೇಳಲಿಲ್ಲ, ನಾನೂ ಹೇಳಲಿಲ್ಲ.

ನವಲಗುಂದದಲ್ಲಿ ವಯಸ್ಸಾದ ಮಿಸ್ತ್ರಿಯೊಬ್ಬರಿದ್ದಾರೆಂದು ಕೇಳಿ, ಒಂದು ಭಾನುವಾರ ನಾವಿಬ್ಬರೂ ನಿಧಾನವಾಗಿ ಅಲ್ಲಿಗೆ ಹೋದೆವು. ಅವರು ಮೊದಲು ಕೇಳಿದ ಪ್ರಶ್ನೆ ಇದು: “ಎಣ್ಣಿ ನೋಡಿದಾಗ ಇಂಜಿನ್ ಚಾಲೂ ಇತ್ತೋ, ಬಂದ್ ಇತ್ತೋ?”

ಎಲ್ಲ ರಹಸ್ಯವೂ ಅಲ್ಲಿಯೇ ಇತ್ತು. ಇಂಜಿನ್ನಿನ ಎಣ್ಣೆಯನ್ನು ಇಂಜಿನ್ ಆರಿಸಿ, ಎಣ್ಣೆ ಕೆಳಗಿಳಿಯಲು ಸ್ವಲ್ಪ ಹೊತ್ತು ಬಿಟ್ಟು ನೋಡುತ್ತಾರೆ. ಇದು ಎಲ್ಲರಿಗೂ ಗೊತ್ತಿರುವುದೇ. ಆದರೆ ಕಡ್ಡಿಯುಳ್ಳ ಬಹುತೇಕ ಆಟೊಮ್ಯಾಟಿಕ್ ಗೇರ್ ಪೆಟ್ಟಿಗೆಗಳ ಎಣ್ಣೆಯನ್ನು ಇಂಜಿನ್ ನಡೆಯುತ್ತಿರುವಾಗಲೇ ನೋಡಬೇಕು. ಕಾರಣವೇನೆಂದರೆ, ಈ ಗಾಡಿಗಳಲ್ಲಿ ಇಂಜಿನ್ನಿನ ಬಲವನ್ನು ಗೇರಿಗೆ ದಾಟಿಸುವುದು ಎಣ್ಣೆಯೇ. ಎದುರುಬದುರಾಗಿ ಎರಡು ಪಂಖಗಳನ್ನಿಟ್ಟು ಒಂದನ್ನು ತಿರುಗಿಸಿದರೆ, ಅದರ ಗಾಳಿಗೆ ಇನ್ನೊಂದೂ ತಿರುಗುತ್ತದಲ್ಲವೆ? ಗಾಳಿಯ ಜಾಗದಲ್ಲಿ ಎಣ್ಣೆಯನ್ನು ಕಲ್ಪಿಸಿಕೊಂಡರಾಯಿತು. ಗೇರುಗಳನ್ನು ಹಿಡಿಯುವುದೂ ಬಿಡುವುದೂ ಎಣ್ಣೆಯ ಒತ್ತಡದಿಂದಲೇ. ಅಮೆರಿಕದ ಜನರಲ್ ಮೋಟರ್ಸ್ 1940ರ ಮಾದರಿಯ ಓಲ್ಡ್ಸ್‌ಮೊಬೈಲ್ ಕಾರುಗಳಲ್ಲಿ ‘ಹೈಡ್ರಾಮ್ಯಾಟಿಕ್’ ಎಂಬ ಹೆಸರಿನಿಂದ ಇಂಥ ಪೆಟ್ಟಿಗೆಯನ್ನು ಜನಸಾಮಾನ್ಯರಿಗೆ ಮಾರತೊಡಗಿದಂದಿನಿಂದ ಇದರ ಜೀವ ಎಣ್ಣೆಯಲ್ಲಿಯೇ ಇದೆ. ಇಂಜಿನ್ ನಡೆಯುವಾಗ ಎಣ್ಣೆ ಮೇಲೇರಿ ಎಲ್ಲ ಸಂದುಗಳಲ್ಲಿಯೂ ಹರಡಿಕೊಂಡಿರುತ್ತದೆ. ಆರಿಸಿದರೆ ಬಹಳಷ್ಟು ತಳಕ್ಕಿಳಿಯುತ್ತದೆ. ಆಗ ಕಡ್ಡಿ ಮುಳುಗುತ್ತದೆ, ಕೊರತೆ ಮರೆಯಾಗುತ್ತದೆ. ರಾತ್ರಿ ಎಲ್ಲರೂ ಮನೆಯಲ್ಲಿ ಮಲಗಿದ್ದಾಗ ಎಣಿಸಿ, ಹಗಲು ಹೊಲಕ್ಕೆ ಅಷ್ಟೂ ಆಳುಗಳು ಸಿಕ್ಕಾರೆಂದು ನಂಬಿದಂತೆ.

ಮಿಸ್ತ್ರಿ ನೋಡಿದ ಕ್ರಮವನ್ನು ಹೇಳುತ್ತೇನೆ. ಅಣ್ಣಿಗೇರಿಯಿಂದ ಬಂದಿದ್ದರಿಂದ ಎಣ್ಣೆ ಬಿಸಿಯಾಗಿತ್ತು. ಬಿಸಿಯಾದ ಎಣ್ಣೆ ಹಿಗ್ಗುತ್ತದೆ, ಅದಕ್ಕೆಂದೇ ಕಡ್ಡಿಯಲ್ಲಿ ತಂಪಿಗೊಂದು, ಬಿಸಿಗೊಂದು ಗುರುತು. ಗಾಡಿಯನ್ನು ಸಮನೆಲದಲ್ಲಿ ನಿಲ್ಲಿಸಿದರು. “ಕಣದಂಥಾ ನೆಲ ಬೇಕ್ರಿ, ಕಲಘಟಗಿ ಇಳಿಜಾರಿನ್ಯಾಗ ನೋಡಿದ್ರ ಎಣ್ಣಿ ಒಂದ ಕಡೆ ಸರೀತದ” ಎಂದರು. ಕೈಬ್ರೇಕು ಎಳೆಸಿ, ಕಾಲುಬ್ರೇಕು ತುಳಿದೇ ಇರುವಂತೆ ಅಣ್ಣನಿಗೆ ಹೇಳಿ, ಗೇರಿನ ಹಿಡಿಯನ್ನು ಎಲ್ಲ ಸ್ಥಾನಗಳಲ್ಲಿಯೂ ಒಂದೊಂದು ಗಳಿಗೆ ನಿಲ್ಲಿಸಿ, ಕೊನೆಗೆ ‘ಪಾರ್ಕ್’ಗೆ ತರಿಸಿದರು. ತಮ್ಮ ಹೆಗಲ ಟಾವೆಲ್ಲನ್ನು ತೆಗೆದು ದೂರವಿಟ್ಟರು; ತಿರುಗುವ ಪಂಖಕ್ಕೆ ಬಟ್ಟೆಯ ತುದಿ ಸಿಕ್ಕರೆ ಕೈಯೂ ಜೊತೆಗೆ ಹೋಗುತ್ತದೆ. ಇಂಜಿನ್ ನಡೆಯುತ್ತಿರುವಂತೆಯೇ ಕಡ್ಡಿ ಎಳೆದು ಒರೆಸಿ, ಪೂರ್ತಿ ಒಳಗಿಟ್ಟು, ಮತ್ತೆ ಎಳೆದು ಎರಡೂ ಮಗ್ಗುಲು ನೋಡಿದರು. ಒರೆಸಿದ್ದು ನಯವಾದ ಹಳೆಯ ಬಟ್ಟೆಯಿಂದ. ನಮ್ಮದು ಹತ್ತಿಯ ಸೀಮೆ, ಗ್ಯಾರೇಜಿನಲ್ಲಿ ಹತ್ತಿಯ ನೂಲಿನ ಉಂಡೆಗೆ ಬರವಿಲ್ಲ. ಆದರೆ ಅದರ ಒಂದೆಳೆ ಒಳಗೆ ಹೋದರೂ ಕೂದಲಿನಂಥ ದಾರಿಗಳು ಕಟ್ಟಿಕೊಂಡಾವು.

ಎಣ್ಣೆ ಕೆಳಗಿನ ಗೆರೆಗೂ ಮುಟ್ಟಿರಲಿಲ್ಲ. ಆದರೂ ಮಿಸ್ತ್ರಿಯ ಮುಖದಲ್ಲಿ ಸಮಾಧಾನ ಕಂಡಿತು. ಎಣ್ಣೆಯ ಬಣ್ಣ ಇನ್ನೂ ಕೆಂಪಾಗಿತ್ತು, ಸುಟ್ಟ ವಾಸನೆ ಇರಲಿಲ್ಲ. ಅದು ಕಪ್ಪಾಗಿ ಕಮಟು ಹೊಡೆದಿದ್ದರೆ ಪೆಟ್ಟಿಗೆ ಬೆಂದಿದೆ ಎಂದೂ, ಹಾಲು ಬೆರೆಸಿದಂತೆ ಗುಲಾಬಿಯಾಗಿದ್ದರೆ ನೀರು ಸೇರಿದೆ ಎಂದೂ ತಿಳಿಯಬೇಕಂತೆ. ಇಂಜಿನ್ನಿನ ಎಣ್ಣೆಯಂತೆ ಇದು ಉರಿದು ಕಡಿಮೆಯಾಗುವುದಿಲ್ಲ; ಕಡಿಮೆಯಾಯಿತೆಂದರೆ ಎಲ್ಲಿಯೋ ಸೋರುತ್ತಿದೆ. ಹುಡುಕಿದಾಗ, ಎಣ್ಣೆಯನ್ನು ತಂಪು ಮಾಡಲು ರೇಡಿಯೇಟರಿಗೆ ಒಯ್ಯುವ ಕೊಳವೆಯ ರಬ್ಬರು ಬಿರಿದಿತ್ತು. ಅದನ್ನು ಬದಲಿಸಿ, ಗಾಡಿಯ ಪುಸ್ತಕದಲ್ಲಿ ಹೇಳಿದ ಜಾತಿಯ ಎಣ್ಣೆಯನ್ನೇ ತರಿಸಿ, ಸ್ವಲ್ಪಸ್ವಲ್ಪವೇ ಹಾಕಿ, ಪ್ರತಿಸಲವೂ ಕಡ್ಡಿ ನೋಡಿದರು. “ಒಮ್ಮೆಲೆ ಸುರೀರಿ” ಎಂದು ಅಣ್ಣ ಅವಸರಿಸಿದ. ಮಿಸ್ತ್ರಿ ಒಪ್ಪಲಿಲ್ಲ. ತುಂಬಿದ ಕೊಡ ತುಳುಕುವುದಿಲ್ಲವೆಂಬ ಗಾದೆ ಇಲ್ಲಿ ನಡೆಯದು. ಹೆಚ್ಚಾದ ಎಣ್ಣೆಯನ್ನು ತಿರುಗುವ ಚಕ್ರಗಳು ಕಡೆದು ನೊರೆ ಮಾಡುತ್ತವೆ. ನೊರೆಯಲ್ಲಿರುವುದು ಗಾಳಿ, ಗಾಳಿಗೆ ಒತ್ತಡವಿಲ್ಲ. ಕಡಿಮೆಯಾದರೂ ಹೆಚ್ಚಾದರೂ ಗಾಡಿ ಜಾರುವುದು ಒಂದೇ ರೀತಿ.

ಗಾಡಿ ಎಳೆಯಿತು. ಆ ಸಂಜೆ ಅಣ್ಣ ನನಗೊಂದು ಕೆಲಸ ಹಚ್ಚಿದ: “ನೀ ಕನ್ನಡಾ ಕಲಸಾಂವ, ಇದನ್ನ ಕನ್ನಡದಾಗ ಬರದ ಕೊಡು.” ಪುಸ್ತಕವೆಲ್ಲ ಇಂಗ್ಲಿಷಿನಲ್ಲಿತ್ತು. ನಾನು ಬಹಳ ಹೊತ್ತು ಕೂತದ್ದು ಮೊದಲನೆಯ ವಾಕ್ಯಕ್ಕಾಗಿ. ‘ಗಾಡಿ ನಿಲ್ಲಿಸಿ ನೋಡಿ’ ಎಂದರೆ ನಮ್ಮವರು ಇಂಜಿನ್ ಆರಿಸುತ್ತಾರೆ. ಕೊನೆಗೆ ಹೀಗೆ ಬರೆದೆ: “ಗಾಡಿ ನಿಂತಿರಬೇಕು, ಇಂಜಿನ್ ನಡೆಯುತ್ತಿರಬೇಕು.” ಅದರ ಕೆಳಗೆ ಒಂದು ಎಚ್ಚರಿಕೆಯನ್ನೂ ಸೇರಿಸಿದೆ: “ಇದು ಈ ಗಾಡಿಗೆ ಮಾತ್ರ.” ಏಕೆಂದರೆ ಹೋಂಡಾದ ಎಷ್ಟೋ ಗಾಡಿಗಳಲ್ಲಿ ಎಣ್ಣೆ ಬಿಸಿಯಾದ ಮೇಲೆ ಇಂಜಿನ್ ಆರಿಸಿ, ಒಂದೆರಡು ನಿಮಿಷದೊಳಗೆ ನೋಡಬೇಕು. ಈಚಿನ ಅನೇಕ ಗಾಡಿಗಳಲ್ಲಿ ಕಡ್ಡಿಯೇ ಇಲ್ಲ. ಗೊತ್ತಾದ ಉಷ್ಣತೆಯಲ್ಲಿ ಬಿರಡೆ ಬಿಚ್ಚಿ ನೋಡುವುದು ಗ್ಯಾರೇಜಿನವರ ಕೆಲಸ. 2014ರಲ್ಲಿ ಸೆಲೆರಿಯೋದೊಡನೆ ನಮ್ಮಲ್ಲಿ ಬಂದ ಅಗ್ಗದ ಬಗೆಯವು ಹೊರಗೆ ಆಟೊಮ್ಯಾಟಿಕ್ ಆದರೂ ಒಳಗೆ ಹಳೆಯ ಗೇರಿನವೇ. ಅವುಗಳ ಲೆಕ್ಕ ಬೇರೆ.

ಅಣ್ಣ ಆ ಹಾಳೆಯನ್ನು ಗಾಡಿಯ ಕಾಗದಪತ್ರಗಳ ಜೊತೆಗೆ ಇಟ್ಟುಕೊಂಡಿದ್ದಾನೆ. ಮಿಸ್ತ್ರಿಯೂ ಒಂದು ಪ್ರತಿ ಕೇಳಿ ತರಿಸಿಕೊಂಡರು. ಅದರಲ್ಲಿ ‘ಸಮನೆಲ’ ಎಂದಿದ್ದಲ್ಲಿ, ಪಕ್ಕದಲ್ಲಿ ಪೆನ್ಸಿಲಿನಿಂದ ‘ಕಣ’ ಎಂದು ಬರೆದುಕೊಂಡಿದ್ದಾರಂತೆ.